ಲೀಗ್ ಒನ್‌ಗೆ ವಾಪಸ್ ಬಂದಾಯ್ತು, ಮುಂದಿನ ಮೆಟ್ಟಿಲಿಗೆ ದುಡ್ಡು ಯಾರದ್ದು?

ವಿಂಬಲ್ಡನ್ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ಟೆನ್ನಿಸ್ ಒಂದೇ. ನಾನಿರೋದು ಲಂಡನ್‌ನಲ್ಲಿ, ವಿಂಬಲ್ಡನ್ ಪಕ್ಕದ ಟೂಟಿಂಗ್ ಕಡೆ. ಊರಿಗೆ ಫೋನ್ ಮಾಡಿದಾಗ ವಿಂಬಲ್ಡನ್ ಮ್ಯಾಚ್‌ಗೆ ಹೋಗಿದ್ದೆ ಅಂದ್ರೆ ಟಿಕೆಟ್ ಹೆಂಗೆ ಸಿಕ್ತು ಮಾರಾಯ ಅಂತಾರೆ, ಫುಟ್‌ಬಾಲ್ ಅಂದ ಮೇಲೆ ಆ ಉತ್ಸಾಹ ಎಲ್ಲ ಜರ್ರಂತ ಇಳಿದುಹೋಗುತ್ತೆ. ನಾನು ಹೋಗೋದು ಪ್ಲೌ ಲೇನ್‌ಗೆ, ಎಎಫ್‌ಸಿ ವಿಂಬಲ್ಡನ್ ಆಡೋ ಜಾಗ, 9 ಸಾವಿರ ಚಿಲ್ಲರೆ ಜನ ಹಿಡಿಸೋ ಸ್ಟೇಡಿಯಂ. ಈ ಕ್ಲಬ್ 2025ರ ಮೇ 26ಕ್ಕೆ ವೆಂಬ್ಲಿಯಲ್ಲಿ ಪ್ಲೇ-ಆಫ್ ಫೈನಲ್ ಆಡಿ ವಾಲ್ಸಾಲ್ ತಂಡವನ್ನ 1-0 ಸೋಲಿಸಿ, ಇಂಗ್ಲೆಂಡಿನ ಮೂರನೇ ಹಂತದ ಲೀಗ್ ಒನ್‌ಗೆ ವಾಪಸ್ ಬಂತು. ಫಸ್ಟ್ ಹಾಫ್ ಮುಗಿಯೋ ಹೊತ್ತಿಗೆ ಮೈಲ್ಸ್ ಹಿಪೊಲಿಟ್ ಹೊಡೆದ ಒಂದೇ ಗೋಲು, ಆಮೇಲೆ ಉಳಿದ ಟೈಮೆಲ್ಲ ಡಿಫೆಂಡ್ ಮಾಡಿದ್ದೇ ಮಾಡಿದ್ದು. ಪಾಪ ವಾಲ್ಸಾಲ್‌ನವರು ಜನವರಿಯಲ್ಲಿ ಟೇಬಲ್ ಟಾಪಲ್ಲಿ 12 ಪಾಯಿಂಟ್ ಮುಂದೆ ಇದ್ರು.

ಕಪ್ ಎತ್ತಿ ವಾರ ಆಗಿರ್ಲಿಲ್ಲ, ಅಷ್ಟರಲ್ಲೇ ನಮ್ಮ ಸಪೋರ್ಟರ್‌ಗಳ ಮಧ್ಯೆ ಹಳೇ ಜಗಳ ಶುರುವಾಯ್ತು. ಮೇಲೆ ಬಂದಾಯ್ತು ಸರಿ, ಇಲ್ಲಿ ಉಳಿಯೋಕೆ ದುಡ್ಡೆಲ್ಲಿ, ಯಾರಾದ್ರೂ ದೊಡ್ಡ ಕುಳಕ್ಕೆ ಕ್ಲಬ್ ಮಾರಬೇಕಾ ಬೇಡ್ವಾ ಅನ್ನೋ ಜಗಳ. ಯಾಕಂದ್ರೆ ಈ ಕ್ಲಬ್‌ಗೆ ಮಾಲೀಕ ಅಂತ ಒಬ್ಬ ಇಲ್ಲ. ಡಾನ್ಸ್ ಟ್ರಸ್ಟ್ (ಡಾನ್ಸ್ ಅನ್ನೋದು ವಿಂಬಲ್ಡನ್ ತಂಡದ ಅಡ್ಡಹೆಸರು) ಅಂತ ಸಪೋರ್ಟರ್‌ಗಳದ್ದೇ ಒಂದು ಸಂಘ ಇದೆ, ನಮ್ಮೂರ ಸಹಕಾರ ಸಂಘದ ಥರಾನೇ ಒಬ್ಬರಿಗೆ ಒಂದು ಓಟು, ನೀನು ಎಷ್ಟು ದೊಡ್ಡ ಮನುಷ್ಯ ಆಗಿದ್ರೂ ಒಂದೇ ಓಟು. ಕ್ಲಬ್‌ನ ಕಂಟ್ರೋಲ್ ಇರೋದು ಆ ಟ್ರಸ್ಟ್ ಕೈಲಿ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಕಂಟ್ರೋಲ್ ಬಿಡಬಾರದು, ಆದ್ರೆ ಬಿಡದೇ ಇದ್ರೆ ಏನೇನು ಬೆಲೆ ಕಟ್ಟಬೇಕು ಅನ್ನೋದನ್ನ ನಮ್ಮ ಜನ ಪ್ರಾಮಾಣಿಕವಾಗಿ ಲೆಕ್ಕ ಹಾಕ್ತಾ ಇಲ್ಲ, ಪ್ರೋಗ್ರೆಸ್ ಅಂದ್ರೆ ಏನು ಅಂತ ನಾವೇ ಬೇರೆ ಥರ ಅಳೆಯೋಕೆ ಕಲೀಬೇಕು.

ಕತೆ ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಹಳೇ ವಿಂಬಲ್ಡನ್ ಎಫ್‌ಸಿ 1889ರಲ್ಲಿ ಹುಟ್ಟಿದ ಕ್ಲಬ್, 1977ಕ್ಕೆ ಫುಟ್‌ಬಾಲ್ ಲೀಗ್ ಸೇರಿ 1986ಕ್ಕೆ ಟಾಪ್ ಡಿವಿಷನ್ ಮುಟ್ಟಿ 1988ಕ್ಕೆ ಎಫ್‌ಎ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್‌ನ 1-0 ಸೋಲಿಸಿದ ಕ್ಲಬ್. ಲಾರಿ ಸಾಂಚೆಝ್ ಗೋಲು, ಡೇವ್ ಬೆಸೆಂಟ್ ಪೆನಾಲ್ಟಿ ತಡೆದಿದ್ದು, ಇದನ್ನ ಇಲ್ಲಿ ಐವತ್ತು ದಾಟಿದ ಯಾರನ್ನ ಕೇಳಿದ್ರೂ ನಿನ್ನೆ ನಡೆದ ಹಾಗೆ ಹೇಳ್ತಾರೆ. 1991ರಲ್ಲಿ ಹಳೇ ಪ್ಲೌ ಲೇನ್ ಬಿಟ್ಟು ಕ್ರಿಸ್ಟಲ್ ಪ್ಯಾಲೆಸ್‌ನವರ ಗ್ರೌಂಡಲ್ಲಿ ಬಾಡಿಗೆಗೆ ಆಡೋಕೆ ಶುರು ಮಾಡಿದ್ರು, ಸ್ವಂತ ಮನೆ ಹೋಯ್ತು. 1997ಕ್ಕೆ ನಾರ್ವೆಯ ದುಡ್ಡಿನವರು ಬಂದ್ರು, 2000ಕ್ಕೆ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿತ್ತು, ಮಾಲೀಕರು ನಷ್ಟದ ಲೆಕ್ಕ ತೋರಿಸಿ ಕ್ಲಬ್ಬನ್ನೇ ಎತ್ತಿ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಊರಿಗೆ ಒಯ್ತೀವಿ ಅಂದ್ರು. 2002ರ ಮೇ 28ಕ್ಕೆ ಮೂರು ಜನರ ಕಮಿಷನ್ ಕೂತು ಇಬ್ಬರು ಹೂಂ ಅಂದು ಒಬ್ಬರು ಊಹೂಂ ಅಂದು ಪರ್ಮಿಷನ್ ಕೊಟ್ಟೇಬಿಟ್ಟಿತು. ಆರ್‌ಸಿಬಿ ಮಾಲೀಕರು ಚಿನ್ನಸ್ವಾಮಿ ಲಾಭ ಇಲ್ಲ ಅಂತ ಟೀಮನ್ನ ಕೃಷ್ಣಗಿರಿಗೆ ಸಾಗಿಸಿ ಹೆಸರೂ ಬದಲಾಯಿಸಿದ್ರೆ ಏನಾಗ್ತಿತ್ತು ಅಂತ ಒಂದು ಕ್ಷಣ ಯೋಚನೆ ಮಾಡಿ, ದೂರಾನೂ ಹೆಚ್ಚುಕಮ್ಮಿ ಅಷ್ಟೇ.

ಹೊಸದಾಗಿ ಇನ್ನೊಂದು ಕ್ಲಬ್ ಕಟ್ಟೋದು ಫುಟ್‌ಬಾಲ್‌ನ ವಿಶಾಲ ಹಿತಕ್ಕೆ ಒಳ್ಳೇದಲ್ಲ ಅನ್ನೋ ಅರ್ಥದ ಮಾತು ಆ ಕಮಿಷನ್ ರಿಪೋರ್ಟಲ್ಲೇ ಇತ್ತು. ಎರಡೇ ದಿನಕ್ಕೆ, ಮೇ 30ಕ್ಕೆ, ಸಪೋರ್ಟರ್‌ಗಳು ಎಎಫ್‌ಸಿ ವಿಂಬಲ್ಡನ್ ಶುರು ಮಾಡಿದ್ರು. ಜೂನ್‌ನಲ್ಲಿ ವಿಂಬಲ್ಡನ್ ಕಾಮನ್ ಅನ್ನೋ ಬಯಲಲ್ಲಿ ಟ್ರಯಲ್ಸ್, ಯಾರು ಬೇಕಾದ್ರೂ ಬೂಟು ಹಾಕ್ಕೊಂಡು ಬನ್ನಿ ಅಂತ, ಇನ್ನೂರು ಚಿಲ್ಲರೆ ಜನ ಬಂದ್ರು. ಜುಲೈಲಿ ಸಟನ್ ಯುನೈಟೆಡ್ ಜೊತೆ ಮೊದಲ ಫ್ರೆಂಡ್ಲಿ, 4-0 ಸೋತ್ರು, ನೋಡೋಕೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ. ಆಮೇಲೆ ಒಂಬತ್ತನೇ ಹಂತದ ಕಂಬೈನ್ಡ್ ಕೌಂಟೀಸ್ ಲೀಗ್‌ನಿಂದ ಹತ್ತೋಕೆ ಶುರು ಮಾಡಿ, 2003ರಿಂದ 2004ರವರೆಗೆ ಲೀಗಲ್ಲಿ ಸತತ 78 ಮ್ಯಾಚ್ ಸೋಲದೆ ಆಡಿ, 9 ಸೀಸನ್‌ಗೆ 5 ಪ್ರಮೋಷನ್ ಹೊಡೆದು 2011ಕ್ಕೆ ಫುಟ್‌ಬಾಲ್ ಲೀಗ್‌ಗೇ, ಅಂದ್ರೆ ನಾಲ್ಕನೇ ಹಂತದ ಲೀಗ್ ಟೂಗೆ, ಬಂದ್ಬಿಟ್ರು, ಆ ಕೊನೇ ಮ್ಯಾಚ್ ಲೂಟನ್ ಜೊತೆ, 0-0 ಆಗಿ ಪೆನಾಲ್ಟಿಯಲ್ಲಿ 4-3. ಈ ಲೂಟನ್ ಹೆಸರು ನೆನಪಲ್ಲಿಟ್ಕೊಳ್ಳಿ, ಮತ್ತೆ ಬರುತ್ತೆ.

ಇಲ್ಲಿವರೆಗಿನ ಕತೆ ಎಲ್ಲರೂ ಹೇಳ್ತಾರೆ, ಕೇಳೋಕೆ ಚೆನ್ನಾಗಿದೆ. ಆದ್ರೆ ಈ ಕತೆಯಲ್ಲಿ ಜನ ಗಮನಿಸದ ಒಂದು ವಿಷಯ ಏನಂದ್ರೆ, ಆಗ ಆ ಹಂತದಲ್ಲಿ ನಾವೇ ಸಾಹುಕಾರರು. ಒಂಬತ್ತನೇ ಹಂತದಲ್ಲಿ ಎದುರಾಳಿ ಕ್ಲಬ್‌ಗೆ ನೂರು ಜನ ಬಂದ್ರೆ ಅವತ್ತು ಹಬ್ಬ, ನಮಗೆ ಮೂರು ಸಾವಿರ ಬರ್ತಿದ್ರು. ಗೇಟ್ ದುಡ್ಡು ಒಂದರಲ್ಲೇ ಉಳಿದವರನ್ನ ಹತ್ತು ಪಟ್ಟು ಮೀರಿಸ್ತಾ ಇದ್ವಿ. ಜನರ ಮಾಲೀಕತ್ವ ಅನ್ನೋದು ಅಲ್ಲಿ ಬರೀ ಆದರ್ಶ ಅಲ್ಲ, ಅದೇ ದೊಡ್ಡ ಆರ್ಥಿಕ ಬಲ. ಹಂತ ಹಂತ ಮೇಲೆ ಬಂದ ಹಾಗೆ ಆ ಬಲ ಕರಗ್ತಾ ಬಂತು. ನಮ್ಮ ಜನ ಕಮ್ಮಿ ಆಗಿದ್ದಲ್ಲ, ಎದುರಿನವರ ಜನ ಮತ್ತೆ ದುಡ್ಡು ಜಾಸ್ತಿ ಆಯ್ತು. ಇವತ್ತು ಪ್ಲೌ ಲೇನ್ ತುಂಬಿದ್ರೂ 9 ಸಾವಿರ. ಬೋಲ್ಟನ್‌ಗೆ 2025-26ರಲ್ಲಿ ಇದೇ ಲೀಗ್ ಒನ್‌ನಲ್ಲಿ ಮಾಮೂಲಿ ಶನಿವಾರ 20 ಸಾವಿರ ದಾಟ್ತಿತ್ತು, ಕಾರ್ಡಿಫ್ ಸ್ಟೇಡಿಯಂ ಹಿಡಿಸೋದು 33 ಸಾವಿರ. ನಾವು ಮನೆ ತುಂಬಾ ಜನ ಸೇರಿಸಿದ್ರೂ ಅವರ ಅರ್ಧ ಖಾಲಿ ಸ್ಟೇಡಿಯಂ ನಮಗಿಂತ ದೊಡ್ಡದು.

ಟಿವಿ ದುಡ್ಡು ಬರಲ್ವಾ ಅಂತ ಕೇಳ್ತೀರ. ಬರುತ್ತೆ. 2024ರಿಂದ ಸ್ಕೈ ಟಿವಿ ಜೊತೆ ಇಎಫ್‌ಎಲ್ (ಪ್ರೀಮಿಯರ್ ಲೀಗ್ ಕೆಳಗಿನ ಮೂರು ಹಂತ ನಡೆಸೋ ಸಂಸ್ಥೆ) ಮಾಡ್ಕೊಂಡ ಡೀಲ್ 5 ವರ್ಷಕ್ಕೆ 93.5 ಕೋಟಿ ಪೌಂಡ್. ಆದ್ರೆ ಲೀಗ್ ದುಡ್ಡು ಹಂಚೋ ಪದ್ಧತಿ ಹೆಂಗಪ್ಪಾ ಅಂದ್ರೆ ಎರಡನೇ ಹಂತದ ಚಾಂಪಿಯನ್‌ಶಿಪ್‌ಗೆ 80 ಪರ್ಸೆಂಟ್, ಲೀಗ್ ಒನ್‌ಗೆ 12, ಲೀಗ್ ಟೂಗೆ 8. ಅಂದ್ರೆ ನಾವು ಒಂದು ಮೆಟ್ಟಿಲು ಹತ್ತಿದ್ದಕ್ಕೆ 8ರಿಂದ 12ರ ಪಾಲಿಗೆ ಬಂದ್ವಿ, ನಿಜವಾದ ನಿಧಿ ಇರೋದು ಇನ್ನೊಂದು ಮೆಟ್ಟಿಲಾಚೆ. ಅದಕ್ಕೇ ಲೀಗ್ ಒನ್‌ನಲ್ಲಿ ಎಲ್ಲರೂ ಹುಚ್ಚು ಹಿಡಿದವರ ಥರ ಖರ್ಚು ಮಾಡೋದು.

ಖರ್ಚಿಗೆ ಕಡಿವಾಣ ಇಲ್ವಾ, ಇದೆ. ಆದಾಯದ 60 ಪರ್ಸೆಂಟ್ ಮೀರಿ ಆಟಗಾರರ ಸಂಬಳಕ್ಕೆ ಹಾಕಬಾರದು ಅಂತ ಲೀಗ್ ಒನ್‌ನಲ್ಲಿ ನಿಯಮ. ಕೇಳೋಕೆ ಸಮಾನತೆ. ಆದ್ರೆ ಒಳಗಿನ ಮಜಾ ನೋಡಿ, ಮಾಲೀಕ ಸಾಲ ಅಂತ ಕೊಡದೆ ಷೇರು ಬಂಡವಾಳ ಅಂತ ದುಡ್ಡು ಸುರಿದ್ರೆ ಅದನ್ನೂ ಸಂಬಳಕ್ಕೆ ಬಳಸ್ಕೋಬಹುದು. ಹಂಗಾದ್ರೆ ಕಡಿವಾಣ ಯಾರಿಗೆ? ಟಿಕೆಟ್, ಬಿಯರ್, ಜರ್ಸಿ ಮಾರಿ ಬಂದಿದ್ದರಲ್ಲೇ ನಡೆಸೋ ನಮ್ಮಂಥವರಿಗೆ. ಜೇಬಲ್ಲಿ ಕೋಟಿ ಇಟ್ಕೊಂಡಿರೋ ಮಾಲೀಕನಿಗೆ ಅದು ಒಂದು ಫಾರ್ಮ್ ತುಂಬೋ ಕೆಲಸ ಅಷ್ಟೇ. 2024-25ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಲೀಗ್ ಒನ್‌ಗೆ ಬಿದ್ದಾಗ ಜೇ ಸ್ಟ್ಯಾನ್ಸ್‌ಫೀಲ್ಡ್ ಅನ್ನೋ ಒಬ್ಬ ಸ್ಟ್ರೈಕರ್‌ಗೇ ಒಂದೂವರೆ ಕೋಟಿ ಪೌಂಡ್ ಆಸುಪಾಸು ಕೊಟ್ರು ಅಂತ ಸುದ್ದಿ ಆಯ್ತು, 111 ಪಾಯಿಂಟ್ ತಗೊಂಡು ಮೇಲೆ ಹೋದ್ರು. ನಾವು ಇಡೀ ಸ್ಟೇಡಿಯಂ ಕಟ್ಟಿದ್ದೇ ಅದರ ಎರಡರಷ್ಟು ದುಡ್ಡಲ್ಲಿ, ಅದೂ ಸಾಲ ಸೋಲ ಮಾಡಿ.

ಆ ಸ್ಟೇಡಿಯಂ ವಿಷಯ ಹೇಳ್ಲೇಬೇಕು, ಯಾಕಂದ್ರೆ ನನ್ನ ಪ್ರಕಾರ ಈ ಕ್ಲಬ್‌ನ ಅತಿ ದೊಡ್ಡ ಪ್ರೋಗ್ರೆಸ್ ಪ್ರಮೋಷನ್ ಅಲ್ಲ, ಪ್ಲೌ ಲೇನ್. ಹಳೇ ಗ್ರೌಂಡಿಂದ ಕೂಗಳತೆಯಲ್ಲಿ ನಾಯಿ ರೇಸ್ ನಡೀತಿದ್ದ ಜಾಗದಲ್ಲಿ ಕಟ್ಟಿದ್ದು. 2019ರ ಕೊನೇಲಿ ದುಡ್ಡು ಮುಗಿದು ಕಟ್ಟಡ ನಿಲ್ಲೋ ಪರಿಸ್ಥಿತಿ ಬಂತು, ಆಗ್ಲೂ ಇದೇ ಮಾತು ಎದ್ದಿತ್ತು, ಹೊರಗಿನ ದುಡ್ಡಿನವರನ್ನ ಕರೆಸೋಣ ಕಂಟ್ರೋಲ್ ಹೋದ್ರೆ ಹೋಗ್ಲಿ ಅಂತ. ಅದರ ಬದಲು ಸಪೋರ್ಟರ್‌ಗಳೇ ಸೇರಿ ಪ್ಲೌ ಲೇನ್ ಬಾಂಡ್ ಅಂತ ಮಾಡಿದ್ರು. ಬಡ್ಡಿ ಎಷ್ಟು ಬೇಕು ಅಂತ ಸಾಲ ಕೊಡೋರೇ ಬರೆದುಕೊಡೋದು, ಸೊನ್ನೆಯಿಂದ 4 ಪರ್ಸೆಂಟ್‌ವರೆಗೆ, ಎಷ್ಟೋ ಜನ ಸೊನ್ನೆ ಅಂತಲೇ ಬರೆದ್ರು. 2020ರ ಶುರುವಲ್ಲಿ ಕೆಲವೇ ವಾರಕ್ಕೆ 50 ಲಕ್ಷ ಪೌಂಡ್ ಮೀರಿ ಬಂತು. 2020ರ ನವೆಂಬರ್ 3ಕ್ಕೆ ಡಾಂಕಾಸ್ಟರ್ ಜೊತೆ ಮೊದಲ ಮ್ಯಾಚ್, 2-2, ಕೋವಿಡ್ ಕಾಲ, ಕಟ್ಟಿಸಿದವರು ಯಾರೂ ಒಳಗಿಲ್ಲ.

ಹೊರಗಿನವರಿಗೆ ಇದೆಲ್ಲ ರೊಮ್ಯಾಂಟಿಕ್ ಆಗಿ ಕಾಣುತ್ತೆ, ಆದ್ರೆ ಬಾಂಡ್ ಅಂದ್ರೆ ಸಾಲ, ದಾನ ಅಲ್ಲ. ಒಂದಿಷ್ಟು ಐದು ವರ್ಷದ ವಾಯಿದೆಯದ್ದು, ಅದು ಮುಗಿಯೋ ಟೈಮ್ ಬಂದಿದೆ. ವಾಪಸ್ ಕೇಳೋರಿಗೆ ಕೊಡಬೇಕು, ಬೇಡ ಮುಂದುವರಿಸಿ ಅನ್ನೋರನ್ನ ಹುಡುಕಬೇಕು. ಸಪೋರ್ಟರ್‌ಗೂ ವಯಸ್ಸಾಗುತ್ತೆ, ಮನೆ ಲೋನ್ ಇರುತ್ತೆ, ಮಕ್ಕಳ ಫೀಸ್ ಇರುತ್ತೆ. ಪ್ರೀತಿಗೆ ಬಡ್ಡಿ ಕೇಳಲ್ಲ ನಿಜ, ಅಸಲು ಬೇಡ ಅಂತ ಎಲ್ಲರೂ ಹೇಳೋಕಾಗಲ್ಲ. ಮಾರಬೇಕು ಅನ್ನೋ ಕಡೆಯವರ ವಾದದಲ್ಲಿ ನನಗೆ ನಿಜವಾಗ್ಲೂ ಗಟ್ಟಿ ಅನ್ಸೋದು ಇದೊಂದು ಪಾಯಿಂಟು.

ಇನ್ನೊಂದು, ಎಷ್ಟು ತೆಳುವಾದ ಹಗ್ಗದ ಮೇಲೆ ನಡೀತಾ ಇದೀವಿ ಅನ್ನೋದು 2024ರ ಸೆಪ್ಟೆಂಬರ್‌ನಲ್ಲಿ ಕಣ್ಣಿಗೇ ಕಾಣಿಸ್ತು. ರಾತ್ರಿ ಸುರಿದ ಮಳೆಗೆ ಪಕ್ಕದ ವಾಂಡಲ್ ಅನ್ನೋ ನದಿ, ನದಿ ಅಂದ್ರೆ ನಗಬೇಡಿ ನಮ್ಮ ಕಡೆ ಹಳ್ಳ ಅಂತೀವಿ ಅಷ್ಟೇ ಅಗಲ, ಉಕ್ಕಿ ಸ್ಟೇಡಿಯಂ ಒಳಗೆ ನುಗ್ಗಿತು. ನೀರು ಇಳಿದ ಮೇಲೆ ನೋಡಿದ್ರೆ ಪಿಚ್‌ನ ಒಂದು ಮೂಲೇಲಿ ನೆಲ ಕುಸಿದು ಗುಂಡಿ ಬಿದ್ದಿದೆ, ಸುತ್ತ ಹುಲ್ಲು ಸುಕ್ಕುಗಟ್ಟಿ ಎದ್ದು ಒಳಗಡೆ ಮಣ್ಣು ಕಾಣ್ತಾ ಇದೆ. ಅದೇ ವಾರ ಕ್ಯಾರಬಾವ್ ಕಪ್‌ಗೆ ನ್ಯೂಕಾಸಲ್ ನಮ್ಮ ಮನೆಗೆ ಬರೋದಿತ್ತು. ಹಿಂದಿನ ರೌಂಡಲ್ಲಿ ಪ್ರೀಮಿಯರ್ ಲೀಗ್‌ನ ಇಪ್ಸ್‌ವಿಚ್‌ನ ಪೆನಾಲ್ಟಿಯಲ್ಲಿ ಹೊಡೆದು ಸಂಪಾದಿಸಿದ ಮ್ಯಾಚು, ಟಿಕೆಟ್ ಫುಲ್, ಕ್ಲಬ್‌ಗೆ ಇಡೀ ವರ್ಷಕ್ಕೆ ಸಿಗೋ ಬೋನಸ್ ಥರದ ಸಂಜೆ. ಮ್ಯಾಚು ನ್ಯೂಕಾಸಲ್‌ಗೇ ಹೋಯ್ತು, 1-0 ಸೋತ್ವಿ, ಆ ನ್ಯೂಕಾಸಲ್ ಆಮೇಲೆ ಆ ಕಪ್ಪನ್ನೇ ಗೆದ್ದಿದ್ದು ಬೇರೆ ವಿಷಯ. ವಾರಗಟ್ಟಲೆ ಮನೇಲಿ ಆಡೋಕಾಗ್ಲಿಲ್ಲ. ಜನ ಆನ್‌ಲೈನಲ್ಲಿ ಚಂದಾ ಎತ್ತಿದ್ರು, ಒಂದು ಲಕ್ಷ ಪೌಂಡ್ ದಾಟಿತು, ಅದರಲ್ಲಿ ಬೇರೆ ಕ್ಲಬ್‌ಗಳ ಸಪೋರ್ಟರ್‌ಗಳ ದುಡ್ಡೂ ಇತ್ತು. ದೊಡ್ಡ ಮಾಲೀಕ ಇದ್ದಿದ್ರೆ ಒಂದು ಚೆಕ್‌ನಲ್ಲಿ ಮುಗೀತಿತ್ತು. ಹೌದು, ಮುಗೀತಿತ್ತು. ಆದ್ರೆ ಅದೇ ಸೀಸನ್‌ನಲ್ಲಿ, ಅದೇ ಗುಂಡಿ ಬಿದ್ದ ಪಿಚ್ ಇಟ್ಕೊಂಡು ಪ್ರಮೋಷನ್ ಬಂತು ಅನ್ನೋದನ್ನೂ ಪಕ್ಕದಲ್ಲಿ ಬರ್ಕೊಳ್ಳಿ.

ಹೆಂಗೆ ಬಂತು? ಇಲ್ಲಿ ನಮ್ಮವರನ್ನ ನಾನು ಸ್ವಲ್ಪ ಬೈಬೇಕು. 2016ಕ್ಕೆ ಪ್ಲೈಮತ್‌ನ 2-0 ಸೋಲಿಸಿ ಮೊದಲ ಸಲ ಲೀಗ್ ಒನ್ ಮುಟ್ಟಿದ್ವಿ, ಅದೂ ಮೇ 30ಕ್ಕೆ, ಕ್ಲಬ್ ಹುಟ್ಟಿದ ತಾರೀಕಿಗೇ. ಆರು ಸೀಸನ್ ಹೆಂಗೋ ಒದ್ದಾಡಿ ಉಳಿದ್ವಿ, ಒಂದೊಂದ್ಸಲ ಕೊನೇ ದಿನ ಕ್ಯಾಲ್ಕುಲೇಟರ್ ಹಿಡ್ಕೊಂಡು. 2021-22ರಲ್ಲಿ ಡಿಸೆಂಬರ್ ಮೊದಲ ವಾರ ಬಿಟ್ರೆ ಅಲ್ಲಿಂದ ಸೀಸನ್ ಮುಗಿಯೋವರೆಗೆ ಲೀಗಲ್ಲಿ ಒಂದೇ ಒಂದು ಗೆಲುವಿಲ್ಲ, ಕೆಳಗೆ ಬಿದ್ವಿ. ಅದಕ್ಕೆ ದುಡ್ಡು ಕಾರಣ ಅಂತ ಹೇಳಿ ಕೈ ತೊಳ್ಕೊಂಡವರು ಜಾಸ್ತಿ. ನನ್ನ ಕೇಳಿದ್ರೆ ದುಡ್ಡು ಅರ್ಧ ಕಾರಣ, ಇನ್ನರ್ಧ ಫುಟ್‌ಬಾಲ್ ಗೊತ್ತಿರೋ ವೃತ್ತಿಪರರು ಮೇಲಿನ ಕುರ್ಚಿಯಲ್ಲಿ ಸಾಕಷ್ಟು ಇಲ್ದೇ ಇದ್ದಿದ್ದು. ಜನರ ಕ್ಲಬ್ ಅಂದ್ರೆ ಎಲ್ಲ ತೀರ್ಮಾನನೂ ಜನರೇ ತಗೋಬೇಕು ಅಂತಲ್ಲ, ಆದ್ರೆ ನಮ್ಮಲ್ಲಿ ಟ್ರಸ್ಟ್ ಬೋರ್ಡು, ಕ್ಲಬ್ ಬೋರ್ಡು, ಇಬ್ಬರ ಮಧ್ಯೆ ಯಾರು ಏನು ನೋಡ್ಕೋಬೇಕು ಅನ್ನೋದೇ ವರ್ಷಾನುಗಟ್ಟಲೆ ತಕರಾರು. ಮೀಟಿಂಗ್‌ಗೆ ಒಂದ್ಸಲ ಹೋಗಿ ನೋಡಿ, ಬಾರ್‌ನಲ್ಲಿ ಬಿಯರ್ ರೇಟ್ ಬಗ್ಗೆ ಅರ್ಧ ಗಂಟೆ ಚರ್ಚೆ ಆಗುತ್ತೆ, ರೈಟ್ ಬ್ಯಾಕ್ ಇಲ್ಲ ಅನ್ನೋ ವಿಷಯ ಎರಡು ನಿಮಿಷಕ್ಕೆ ಮುಗಿಯುತ್ತೆ.

ಕೆಳಗೆ ಬಿದ್ದ ಮೇಲೆ ಬದಲಾಗಿದ್ದು ಅದು. 2022ರ ಮೇನಲ್ಲಿ ಜಾನಿ ಜಾಕ್ಸನ್ ಮ್ಯಾನೇಜರ್ ಆಗಿ ಬಂದ್ರು, ಆಮೇಲೆ ಆಟಗಾರರನ್ನ ತರೋದು ಮಾರೋದು ಎಲ್ಲ ಒಬ್ಬರ ಕೈಲಿ ಇರ್ಲಿ ಅಂತ ಕ್ರೇಗ್ ಕೋಪ್ ಅನ್ನೋರನ್ನ ಕೂರಿಸಿದ್ರು. ಮೊದಲ ಸೀಸನ್ 21ನೇ ಜಾಗ, ಲೀಗ್‌ನಿಂದಲೇ ಆಚೆ ಬೀಳೋ ಅಂಚು. ಸಾಮಾನ್ಯವಾಗಿ ಬೇರೆ ಕ್ಲಬ್ ಆಗಿದ್ರೆ ಮ್ಯಾನೇಜರ್‌ನ ಓಡಿಸ್ತಿದ್ರು, ಸ್ಟ್ಯಾಂಡಲ್ಲಿ ಹಂಗೆ ಕೂಗಿದವರೂ ಇದ್ರು. ಓಡಿಸ್ಲಿಲ್ಲ. ಮುಂದಿನ ಸೀಸನ್ 10ನೇ ಜಾಗ, ಅದರ ಮುಂದಿನದು 5ನೇ ಜಾಗ, ಪ್ಲೇ-ಆಫ್, ವೆಂಬ್ಲಿ. ಈ ತಾಳ್ಮೆ ಇದೆಯಲ್ಲ, ಇದು ಮಾಲೀಕ ಇಲ್ದೇ ಇರೋ ಕ್ಲಬ್‌ಗೆ ಬರೋ ಲಾಭ ಅಂತ ನಾನು ಅಂದ್ಕೊಂಡಿದೀನಿ. ನಾಲ್ಕು ಮ್ಯಾಚ್ ಸೋತ್ರೆ ಈಗೋ ಹರ್ಟ್ ಆಗೋ ಒಬ್ಬ ಮನುಷ್ಯ ಮೇಲೆ ಕೂತಿಲ್ಲ.

ಮತ್ತೆ ವ್ಯಾಪಾರ. ಲೀಗ್ ಒನ್ ಟೂನಲ್ಲಿ ಟಿಕೆಟ್ ದುಡ್ಡಲ್ಲಿ ಬದುಕಬಹುದು, ಬೆಳೆಯೋಕಾಗಲ್ಲ, ಬೆಳೀಬೇಕು ಅಂದ್ರೆ ಆಟಗಾರರನ್ನ ಮಾರಬೇಕು. ಜಾಕ್ ರುಡೋನಿ ನಮ್ಮ ಅಕಾಡೆಮಿ ಹುಡುಗ, 2022ಕ್ಕೆ ಹಡರ್ಸ್‌ಫೀಲ್ಡ್‌ಗೆ ಹೋದ. ಅಯೂಬ್ ಅಸಲ್ ಕೂಡ ಅಕಾಡೆಮಿ ಹುಡುಗನೇ, 2023ಕ್ಕೆ ಕತಾರ್‌ಗೆ. ಅಲಿ ಅಲ್-ಹಮಾದಿ ಅಂತೂ 2023ರ ಜನವರಿಯಲ್ಲಿ ವಿಕಂಬ್‌ನಿಂದ ಬಂದು ಒಂದು ವರ್ಷ ಗೋಲಾಗಿ ಹೊಡೆದು 2024ರ ಜನವರಿಯಲ್ಲಿ ಇಪ್ಸ್‌ವಿಚ್ ಸೇರಿದ. ಪ್ರತೀ ಸಲ ಹೀಗೆ ಒಬ್ಬ ಹೋದಾಗ ಸ್ಟ್ಯಾಂಡಲ್ಲಿ ಗೋಳೋ ಅಂತಾರೆ, ಕ್ಲಬ್‌ಗೆ ಮಹತ್ವಾಕಾಂಕ್ಷೆ ಇಲ್ಲ ಅಂತಾರೆ. ಎಕ್ಸಿಟರ್ ಸಿಟಿ ನೋಡಿ, ಅದೂ ಟ್ರಸ್ಟ್ ಕೈಲಿರೋ ಕ್ಲಬ್ಬೇ, 2003ರಿಂದ. ಒಲ್ಲಿ ವಾಟ್ಕಿನ್ಸ್, ಈಥನ್ ಅಂಪಾಡು ಇಂಥವರನ್ನ ಬೆಳೆಸಿ ಮಾರಿ, ವಾಟ್ಕಿನ್ಸ್ ಮುಂದೆ ಬ್ರೆಂಟ್‌ಫರ್ಡ್‌ನಿಂದ ಆಸ್ಟನ್ ವಿಲ್ಲಾಗೆ ಹೋದಾಗ ಅದರಲ್ಲೂ ಪಾಲು ತಗೊಂಡು, 2022ಕ್ಕೆ ಲೀಗ್ ಒನ್ ಸೇರಿ ತಣ್ಣಗೆ ಆಡ್ತಾ ಬಂದ್ರು. ಅವರ ಬಗ್ಗೆ ಯಾರೂ ಡಾಕ್ಯುಮೆಂಟರಿ ಮಾಡಲ್ಲ, ಅವರಿಗೂ ಅದು ಬೇಕಾಗಿಲ್ಲ.

ಡಾಕ್ಯುಮೆಂಟರಿ ಅಂದ ತಕ್ಷಣ ರೆಕ್ಸಮ್ ಬರ್ಲೇಬೇಕಲ್ಲ. ಮಾರಬೇಕು ಅನ್ನೋರ ಬ್ರಹ್ಮಾಸ್ತ್ರ ಅದು. ನಮ್ಮ ಥರಾನೇ 2011ರಿಂದ ಸಪೋರ್ಟರ್ಸ್ ಟ್ರಸ್ಟ್ ನಡೆಸ್ತಿದ್ದ ಕ್ಲಬ್ಬು, 98 ಪರ್ಸೆಂಟ್‌ಗಿಂತ ಹೆಚ್ಚು ಸದಸ್ಯರು ಮಾರೋಣ ಅಂತ ಓಟು ಹಾಕಿ 2021ಕ್ಕೆ ರಯಾನ್ ರೆನಾಲ್ಡ್ಸ್ ಮತ್ತೆ ರಾಬ್ ಮ್ಯಾಕೆಲ್ಹೆನ್ನಿ ಅನ್ನೋ ಇಬ್ಬರು ನಟರ ಕೈಗೆ ಕೊಟ್ರು, 2023, 2024, 2025, ಸಾಲಾಗಿ ಮೂರು ಪ್ರಮೋಷನ್, ಐದನೇ ಹಂತದಿಂದ ಎರಡನೇ ಹಂತಕ್ಕೆ. ಪೋರ್ಟ್ಸ್‌ಮತ್ ಕೂಡ 2017ಕ್ಕೆ ಮಾರಿದ್ರು, 2024ಕ್ಕೆ ಲೀಗ್ ಒನ್ ಗೆದ್ರು. ಇದನ್ನ ಸುಳ್ಳು ಅನ್ನೋಕಾಗಲ್ಲ. ಆದ್ರೆ ಇಡೀ ದೇಶದಲ್ಲಿ ಹಾಲಿವುಡ್ ಹೀರೋ ಬಂದ ಕ್ಲಬ್ ಎಷ್ಟಿದೆ ಅಂತ ಎಣಿಸಿ, ಆಮೇಲೆ ಕೆಟ್ಟ ಮಾಲೀಕ ಸಿಕ್ಕಿದ ಕ್ಲಬ್‌ಗಳನ್ನೂ ಎಣಿಸಿ. ಬರಿ ಕ್ಲಬ್ಬನ್ನ 2019ಕ್ಕೆ ಲೀಗ್‌ನಿಂದ ಹೊರಗೇ ಹಾಕಿದ್ರು. ರೆಡಿಂಗ್‌ನವರು ಮಾಲೀಕನ್ನ ಇಳಿಸೋಕೆ ವರ್ಷಗಟ್ಟಲೆ ಮೆರವಣಿಗೆ ಮಾಡಬೇಕಾಯ್ತು, 2025ರ ಮೇಗೆ ಮುಕ್ತಿ ಸಿಕ್ತು. 2024-25ರಲ್ಲಿ ನಮ್ಮ ಜೊತೆಗೇ ಲೀಗ್ ಟೂನಲ್ಲಿ ಆಡಿದ ಮೋರ್ಕಂಬ್ ಕೆಳಗೆ ಬಿದ್ದು, ಸಂಬಳ ಕೊಡೋಕಾಗದೆ, 2025ರ ಜುಲೈಯಲ್ಲಿ ಸಸ್ಪೆಂಡ್ ಆಗಿ, ಇನ್ನೇನು ಮುಚ್ಚೇಹೋಯ್ತು ಅನ್ನೋವಾಗ ಪಂಜಾಬ್ ವಾರಿಯರ್ಸ್ ಅನ್ನೋ ಗುಂಪು ಬಂದು ಆಗಸ್ಟ್‌ನಲ್ಲಿ ಉಳಿಸಿತು. ಅಶ್ವೀರ್ ಸಿಂಗ್ ಜೋಹಲ್ ಅನ್ನೋ 30 ವರ್ಷದ ಹುಡುಗ ಮ್ಯಾನೇಜರ್ ಆದ, ನಮ್ಮ ಕಡೆ ಪೇಪರ್‌ಗಳು ಇದನ್ನ ಬರೆದ್ವೋ ಇಲ್ವೋ, ಬರೀಬೇಕಾದ ಸುದ್ದಿ. ಅಂದ್ರೆ ಮಾರಾಟ ಅನ್ನೋದು ಒಳ್ಳೇದೋ ಕೆಟ್ಟದ್ದೋ ಅಲ್ಲ, ಅದು ಜೂಜು, ಒಂದ್ಸಲ ಆಡಿದ ಮೇಲೆ ಎಲೆ ವಾಪಸ್ ಎತ್ತೋಕಾಗಲ್ಲ.

ಬೇರೆ ಕ್ಲಬ್‌ಗೆ ಆ ಜೂಜು ಆಡೋ ಹಕ್ಕಿದೆ. ನಮಗೂ ಕಾನೂನು ಪ್ರಕಾರ ಇದೆ, ಆದ್ರೆ ಈ ಕ್ಲಬ್ ಹುಟ್ಟಿದ್ದೇ ಅಂಥ ಒಂದು ಮಾರಾಟದ ಗಾಯದಿಂದ. ಮಿಲ್ಟನ್ ಕೀನ್ಸ್‌ಗೆ ಹೋದ ತಂಡ 2004ಕ್ಕೆ ಎಂಕೆ ಡಾನ್ಸ್ ಅಂತ ಹೆಸರು ಬದಲಾಯಿಸ್ಕೊಂಡು 30 ಸಾವಿರ ಸೀಟಿನ ಸ್ಟೇಡಿಯಂ ಕಟ್ಕೊಂಡು ಚಾಂಪಿಯನ್‌ಶಿಪ್‌ವರೆಗೂ ಹೋಗಿ 2025-26ರಲ್ಲಿ ಲೀಗ್ ಟೂನಲ್ಲಿತ್ತು, ನಮಗಿಂತ ಒಂದು ಹಂತ ಕೆಳಗೆ. 2024ರ ಮಾರ್ಚ್‌ನಲ್ಲಿ ಪ್ಲೌ ಲೇನ್‌ಗೆ ಬಂದಾಗ ರೋನನ್ ಕರ್ಟಿಸ್ ಇಂಜುರಿ ಟೈಮಲ್ಲಿ ಹೊಡೆದ ಗೋಲಿಗೆ 1-0, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದಾಗ 3-0. ಖುಷಿ ಆಯ್ತಾ ಅಂದ್ರೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಅವರ ಹೆಸರಲ್ಲಿರೋ ಡಾನ್ಸ್ ಅನ್ನೋ ಪದ ನಮ್ಮಲ್ಲಿ ಯಾರೂ ಬಾಯಲ್ಲಿ ಹೇಳಲ್ಲ, 2017ರಲ್ಲಿ ಮ್ಯಾಚ್ ಪುಸ್ತಕದಲ್ಲೂ ಸ್ಕೋರ್‌ಬೋರ್ಡಲ್ಲೂ ಆ ಪದ ಬಿಟ್ಟಿದ್ದಕ್ಕೆ ಲೀಗ್‌ನವರು ನೋಟಿಸೇ ಕೊಟ್ಟಿದ್ರು.

ಈಗ ಹೊಸದೊಂದು ವಾದ ಬಂದಿದೆ. 2025ರ ಜುಲೈ 21ಕ್ಕೆ ಇಂಗ್ಲೆಂಡಲ್ಲಿ ಫುಟ್‌ಬಾಲ್ ಗವರ್ನೆನ್ಸ್ ಆಕ್ಟ್ ಪಾಸಾಗಿ ಕಾನೂನಾಯ್ತು. ಅದರ ಪ್ರಕಾರ ಸ್ವತಂತ್ರ ರೆಗ್ಯುಲೇಟರ್, ಕ್ಲಬ್‌ಗಳಿಗೆ ಲೈಸೆನ್ಸ್, ಮಾಲೀಕರ ತಪಾಸಣೆ, ಸ್ಟೇಡಿಯಂ ಮಾರೋಕೆ ಊರು ಬದಲಾಯಿಸೋಕೆ ರೆಗ್ಯುಲೇಟರ್ ಒಪ್ಪಿಗೆ ಬೇಕು, ಲಾಂಛನ ಬಣ್ಣ ಬದಲಾಯಿಸೋಕೆ ಸಪೋರ್ಟರ್‌ಗಳನ್ನ ಕೇಳಬೇಕು. 2002ರಲ್ಲಿ ಇದಿದ್ದಿದ್ರೆ ನಮ್ಮ ಕತೆಯೇ ಬೇರೆ ಆಗ್ತಿತ್ತು. ಅದಕ್ಕೆ ಕೆಲವರು ಏನಂತಾರೆ ಅಂದ್ರೆ, ಇನ್ನು ಯಾರೂ ಕ್ಲಬ್ ಕದ್ಕೊಂಡು ಹೋಗೋಕಾಗಲ್ಲ, ಹಾಗಾಗಿ ಭಯ ಬಿಟ್ಟು ಮಾರೋಣ. ನನಗೆ ಇದು ಒಪ್ಪಿಗೆ ಇಲ್ಲ. ಕಾನೂನು ಊರು ಬದಲಾಯಿಸೋದನ್ನ ತಡೆಯಬಹುದು, ತಲೆಕೆಟ್ಟ ಖರ್ಚು, ಮೂರು ಮ್ಯಾನೇಜರ್ ಬದಲಾವಣೆ, ಅಕಾಡೆಮಿಗೆ ಬೀಗ, ಟಿಕೆಟ್ ರೇಟ್ ಎರಡರಷ್ಟು, ಇದನ್ನೆಲ್ಲ ತಡೆಯೋಕೆ ರೆಗ್ಯುಲೇಟರ್‌ಗೆ ಪುರುಸೊತ್ತಿರಲ್ಲ. ಮತ್ತೆ 2020ರ ಲಾಕ್‌ಡೌನಲ್ಲಿ ಇದೇ ಸಪೋರ್ಟರ್‌ಗಳು ಗುಂಪು ಕಟ್ಕೊಂಡು ಸುತ್ತಮುತ್ತ ಬಡವರ ಮನೆಗೆ ರೇಷನ್ ಹಂಚಿ, ಆನ್‌ಲೈನ್ ಕ್ಲಾಸ್‌ಗೆ ಅಂತ ಹಳೇ ಲ್ಯಾಪ್‌ಟಾಪ್ ರಿಪೇರಿ ಮಾಡಿಸಿ ಮಕ್ಕಳಿಗೆ ಕೊಟ್ರಲ್ಲ, ಅದು ಯಾವ ಆಕ್ಟಲ್ಲೂ ಬರೆದಿರಲ್ಲ.

ಹಾಗಂತ ಹೊರಗಿನ ದುಡ್ಡು ಮುಟ್ಟಲೇಬಾರದು ಅನ್ನೋ ಮಡಿವಂತಿಕೆನೂ ನನಗಿಲ್ಲ. ಮೊದಲಿಂದನೂ ಹೊರಗಿನ ದುಡ್ಡು ಇದೆ. ಅಮೆರಿಕದ ಒಬ್ಬ ಫೇಮಸ್ ಕಾದಂಬರಿಕಾರ ಯೂಟ್ಯೂಬಲ್ಲಿ ನಮ್ಮ ಟೀಮ್ ಇಟ್ಕೊಂಡು ವಿಡಿಯೋ ಗೇಮ್ ಆಡಿ, ಅದರಿಂದ ಬಂದ ದುಡ್ಡಲ್ಲಿ ಕ್ಲಬ್‌ಗೆ ಸ್ಪಾನ್ಸರ್ ಮಾಡಿದ್ದಾನೆ, ಸ್ಟೇಡಿಯಂ ಕಟ್ಟೋವಾಗ ನಿಕ್ ರಾಬರ್ಟ್‌ಸನ್ ಅನ್ನೋ ಉದ್ಯಮಿ ಷೇರು ತಗೊಂಡು ಕೈ ಹಿಡಿದ್ರು. ಸಣ್ಣ ಪಾಲು ಕೊಟ್ಟು, ಬೋರ್ಡಲ್ಲಿ ಕುರ್ಚಿ ಕೊಟ್ಟು, ವೀಟೋ ಕೊಡದೆ ದುಡ್ಡು ತರೋದಾದ್ರೆ ನಾನು ಹೂಂ ಅಂತ ಓಟು ಹಾಕ್ತೀನಿ, ಅದೂ ಬಾಂಡ್ ಸಾಲ ತೀರಿಸೋಕೆ, ಅಕಾಡೆಮಿಗೆ, ಆಮೇಲೆ ಸ್ಟೇಡಿಯಂ ದೊಡ್ಡದು ಮಾಡೋಕೆ. ಮುಂದೆ 20 ಸಾವಿರದವರೆಗೆ ಬೆಳೆಸೋ ಹಾಗೇ ಅದನ್ನ ಪ್ಲ್ಯಾನ್ ಮಾಡಿರೋದು, ಅಲ್ಲಿ ಹಾಕಿದ ದುಡ್ಡು ಪ್ರತೀ ಶನಿವಾರ ದುಡಿಯುತ್ತೆ. ಸ್ಟ್ರೈಕರ್ ಸಂಬಳಕ್ಕೆ ಅಂತ ಷೇರು ಮಾರೋದಾದ್ರೆ ಬೇಡ, ಮಂಡಿ ನೋವು ಬಂದ್ರೆ ಆ ದುಡ್ಡು ಬೆಂಚಲ್ಲಿ ಕೂರುತ್ತೆ.

ಲೂಟನ್ ಹೆಸರು ನೆನಪಿಡಿ ಅಂದಿದ್ನಲ್ಲ. 2011ರಲ್ಲಿ ನಾವು ಪೆನಾಲ್ಟಿಯಲ್ಲಿ ಸೋಲಿಸಿದ ಆ ಕ್ಲಬ್ ಇನ್ನೂ ಮೂರು ವರ್ಷ ಕೆಳಗೇ ಇದ್ದು, 2014ಕ್ಕೆ ಲೀಗ್‌ಗೆ ಬಂದು, 2018, 2019 ಹತ್ತುತ್ತಾ ಹೋಗಿ 2023ಕ್ಕೆ ಪ್ರೀಮಿಯರ್ ಲೀಗನ್ನೇ ಮುಟ್ಟಿತು. ಅವರು ಸಪೋರ್ಟರ್‌ಗಳೇ ಆಗಿದ್ದ ಒಂದು ಸಣ್ಣ ಗುಂಪಿನ ಕೈಲಿ, ಹುಷಾರಾಗಿ ಖರ್ಚು ಮಾಡ್ಕೊಂಡು ಹೋದವರು, ಅದಕ್ಕೇ ನನಗೆ ಅವರ ಮೇಲೆ ಗೌರವ. ಆಮೇಲೆ 2024ಕ್ಕೆ ಒಂದು ಸಲ, 2025ಕ್ಕೆ ಇನ್ನೊಂದು ಸಲ ಕೆಳಗೆ ಬಿದ್ದು 2025-26ಕ್ಕೆ ನಮ್ಮ ಜೊತೆಗೇ ಲೀಗ್ ಒನ್‌ಗೆ ಬಂದ್ರು. ಸೀಸನ್‌ನ ಮೊದಲ ಮ್ಯಾಚೇ ಅವರ ಕೆನಿಲ್‌ವರ್ತ್ ರೋಡಲ್ಲಿ ಬಿತ್ತು, ಸೋತ್ವಿ. ಹದಿನಾಲ್ಕು ವರ್ಷದಲ್ಲಿ ಅವರು ಆಕಾಶ ನೋಡಿ ಬಂದ್ರು, ನಾವು ಮನೆ ಕಟ್ಟಿದ್ವಿ, ಇಬ್ಬರೂ ಈಗ ಒಂದೇ ಟೇಬಲ್‌ನಲ್ಲಿ. ಯಾರು ಮುಂದೆ ಹೋದ್ರು ಅಂತ ಬರೀ ಲೀಗ್ ಸ್ಥಾನ ನೋಡಿ ಹೇಳೋಕಾಗುತ್ತಾ ನೀವೇ ಹೇಳಿ.

2025-26ರ ಈ ಸೀಸನ್‌ಗೆ ನನ್ನ ನಿರೀಕ್ಷೆ ಸಿಂಪಲ್ಲು. 24 ತಂಡ, 4 ಕೆಳಗೆ ಬೀಳುತ್ತೆ, 20ನೇ ಜಾಗ ಸಿಕ್ಕಿದ್ರೂ ಪಾಸು, 50 ಪಾಯಿಂಟ್ ದಾಟಿದ್ರೆ ಸಾಮಾನ್ಯವಾಗಿ ನಿದ್ದೆ ಬರುತ್ತೆ. ಶುರುವಲ್ಲಿ ನಾಲ್ಕು ಗೆದ್ರೆ ಪ್ಲೇ-ಆಫ್ ಅಂತ ಕುಣಿಯೋರು, ನಾಲ್ಕು ಸೋತ್ರೆ ಜಾಕ್ಸನ್ ಹೋಗಲಿ ಅಂತ ಕೂಗೋರು ಒಂದೇ ಜನ, ಅವರ ಜೊತೆ ನಾನಿಲ್ಲ. 21ನೇ ಜಾಗಕ್ಕೆ ಜಾರಿದ್ರೂ ಸಾಲ ಏರಿಲ್ಲ, ಅಕಾಡೆಮಿಯಿಂದ ಇಬ್ಬರು ಹುಡುಗರು ಫಸ್ಟ್ ಟೀಮ್‌ಗೆ ಬಂದ್ರು ಅಂದ್ರೆ ನಾನು ಬೇಜಾರ್ ಮಾಡ್ಕೊಳ್ಳಲ್ಲ. ಆದ್ರೆ ಜನವರಿಯಲ್ಲಿ ಒಳ್ಳೇ ರೇಟ್ ಬಂತು ಅಂತ ಸ್ಟ್ರೈಕರ್‌ನ ಮಾರಿ ಆ ಜಾಗಕ್ಕೆ ಯಾರನ್ನೂ ತರದೆ ಬಿಟ್ರೆ, ಆಗ ಟ್ರಸ್ಟ್ ಮೀಟಿಂಗಲ್ಲಿ ಬಿಯರ್ ರೇಟ್ ಚರ್ಚೆ ಮುಗಿಯೋಕೂ ಮುಂಚೆ ನಾನು ಕೈ ಎತ್ತಿರ್ತೀನಿ.